ಹಳದಿ ಗೋಡೆ, ಕಂದು ನಾಯಿ

ಹೊತ್ತಿಗೆ ಸರಿಯಾಗಿ ಏಳುವವರಿಗೆ ನೆನಪೂ ಸರಿಯಾಗಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬೆಳಕು ಹರಿಯುವ ಮುಂಚೆ ಸ್ನಾನ, ರೇಡಿಯೋ ಸುದ್ದಿಯ ಜೊತೆಗೆ ಕಾಫಿ, ಛತ್ರಿಗೊಂದು ಮೊಳೆ, ಟೋಪಿಗೊಂದು ಮೊಳೆ. ಹೀಗೆ ಬದುಕಿದವನ ತಲೆಯೊಳಗೂ ಎಲ್ಲವೂ ಅದರದರ ಮೊಳೆಯಲ್ಲೇ ತೂಗುತ್ತಿರಬೇಕಲ್ಲವೇ? ಮನೆಗೆ ಬಣ್ಣ ಹೊಡೆಸಲು ಹೊರಟ ಮೇಲೆ ಈ ನಂಬಿಕೆ ಅಲುಗಾಡತೊಡಗಿತು.

ಗೋಣಿಬೀಡಿನ ನಮ್ಮ ಮನೆ ಒಂದು ಕಾಲದಲ್ಲಿ ಪೋಸ್ಟ್ ಕಾರ್ಡಿನ ಮೇಲೆ ಅಚ್ಚಾಗಿತ್ತು. ಬಿಳಿ ದೊರೆಗಳ ಕಾಲದಲ್ಲಿ ತೋಟ ನೋಡಲು ಬಂದ ಯಾರೋ ಫೋಟೋದವರು ತೆಗೆದ ಚಿತ್ರವಂತೆ. ಮನೆ, ಅದರ ಮುಂದೆ ಹೂಬಿಟ್ಟ ಕಾಫಿ ಗಿಡ, ಮೆಟ್ಟಿಲ ಮೇಲೆ ಮಲಗಿದ ಒಂದು ಕಂದು ನಾಯಿ. ಗೋಡೆ ಅಚ್ಚ ಹಳದಿ. ಹುಟ್ಟಿದಾಗಿನಿಂದ ನಾನು ನೋಡುತ್ತ ಬಂದಿರುವ ಈ ಕಾರ್ಡನ್ನು ಮೂಡಿಗೆರೆಯ ಪೇಂಟರ್ ರಫೀಕನ ಕೈಗೆ ಕೊಟ್ಟು, ನನ್ನ ಬಾಲ್ಯದಲ್ಲಿ ಮನೆ ಹೀಗೇ ಇತ್ತು, ಮಳೆ ಹಿಡಿಯುವ ಮುಂಚೆ ಮತ್ತೆ ಹೀಗೇ ಆಗಬೇಕು ಎಂದೆ. ಅವನಿಗೆ ಅನುಮಾನ ಉಳಿಯಬಾರದೆಂದು, ಆ ನಾಯಿಗೆ ದಿನಾ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ಚೂರು ಹಾಕುತ್ತಿದ್ದುದನ್ನೂ ವಿವರವಾಗಿ ಹೇಳಿದೆ.

ಒಂದು ಗೋಡೆ ಮುಗಿಯುವಷ್ಟರಲ್ಲಿ ಕಳಸದಿಂದ ತಂಗಿ ಸುಶೀಲ ಬಂದಳು. ಅಂಗಳದಲ್ಲೇ ನಿಂತುಬಿಟ್ಟಳು.

“ಅಣ್ಣಯ್ಯ, ಇದೆಂಥ ಬಣ್ಣ ಮಾರಾಯ? ನಾವು ಚಿಕ್ಕವರಿದ್ದಾಗ ನಮ್ಮನೆ ಗೋಡೆ ನೀಲಿ ಇತ್ತಲ್ವಾ?”

ನಾನು ಕಾರ್ಡು ತೋರಿಸಿದೆ. ಅವಳು ತನ್ನ ಚೀಲದಿಂದ ಇನ್ನೊಂದು ಕಾರ್ಡು ತೆಗೆದಳು; ಸೋದರತ್ತೆ ಅವಳಿಗೆ ಕೊಟ್ಟಿದ್ದಂತೆ. ಅದೇ ಮನೆ, ಅದೇ ನಾಯಿ, ಬಾಲದ ಸುರುಳಿಯೂ ಅದೇ. ಗೋಡೆ ಮಾತ್ರ ತಿಳಿನೀಲಿ. ಕಾಫಿ ಹೂವು ಗುಲಾಬಿ ಬಣ್ಣ! ಕಾಫಿ ಎಲ್ಲಾದರೂ ಗುಲಾಬಿ ಬಣ್ಣದ ಹೂ ಬಿಡುತ್ತದೆಯೇ ಎಂದು ಕೇಳಿದೆ. ಹೂವಿನ ಮಾತು ಬೇರೆ, ಗೋಡೆ ನೀಲಿಯೇ, ತಾನು ಅದಕ್ಕೊರಗಿ ಕೂತೇ ಜಡೆ ಹಾಕಿಸಿಕೊಳ್ಳುತ್ತಿದ್ದೆ ಎಂದಳು. ರಫೀಕ್ ಬ್ರಷ್ಷನ್ನು ಡಬ್ಬದ ಮೇಲಿಟ್ಟು ಕೂತ.

“ಸಾರ್, ನೀವಿಬ್ರೂ ಒಂದೇ ಮನೇಲಿ ಬೆಳೆದವ್ರಾ?”

ಮರುದಿನ ಇಬ್ಬರೂ ಚಿಕ್ಕಮಗಳೂರಿಗೆ ಹೋದೆವು. ಅಲ್ಲಿ ನನ್ನ ಹಳೆಯ ಸಹಪಾಠಿ ಶ್ರೀಪಾದ ಹಳೇ ಕಾರ್ಡುಗಳನ್ನು ಕೂಡಿಡುತ್ತಾನೆ. ನಮ್ಮೆರಡನ್ನೂ ನೋಡಿ ನಕ್ಕು, ಮೂರನೆಯದೊಂದನ್ನು ತೆಗೆದಿಟ್ಟ. ಅದರಲ್ಲಿ ನಮ್ಮ ಮನೆ ಇಟ್ಟಿಗೆ ಕೆಂಪು. ಅವನು ಹೇಳಿದ ಪ್ರಕಾರ, ಆ ಕಾಲದ ಫೋಟೋ ಬರೀ ಕಪ್ಪು ಬಿಳುಪು; ಅದು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು; ಅಲ್ಲಿ ಕಾಫಿ ಗಿಡವನ್ನೇ ಕಾಣದವರು ತಮಗೆ ತೋಚಿದ ಬಣ್ಣ ತುಂಬುತ್ತಿದ್ದರು; ಮತ್ತೊಮ್ಮೆ ಅಚ್ಚು ಹಾಕುವಾಗ ಮತ್ತೊಂದು ಬಣ್ಣ ತೋಚುತ್ತಿತ್ತು. ಹಾಗಾದರೆ ನಿಜವಾದ ಬಣ್ಣ ಯಾವುದು ಎಂದೆ.

“ನನ್ನ ಕೇಳಿದ್ರೆ? ಈ ಕಾರ್ಡು ನಿಮ್ಮಪ್ಪ ಹುಟ್ಟೋಕೂ ಮುಂಚಿಂದು ಮಾರಾಯ.”

ಬಸ್ಸು ಹತ್ತಿ ಕೂತ ಮೇಲೆ ಸುಶೀಲ ಮೆಲ್ಲಗೆ ಕೇಳಿದಳು.

“ಹಾಗಾದ್ರೆ ಅಣ್ಣಯ್ಯ, ನೀನು ರೊಟ್ಟಿ ಹಾಕಿದ್ದು ಯಾವ ನಾಯಿಗೆ?”

ನಾನು ಕಂಡಕ್ಟರನನ್ನು ಕರೆದು ಗೋಣಿಬೀಡಿಗೆ ಎರಡು ಟಿಕೆಟ್ ಕೇಳಿದೆ.

ನಾವು ಮರಳಿದ ಮೇಲೆ ರಫೀಕ್ ಹಳೇ ಬಣ್ಣ ಹುಡುಕುತ್ತ ಹಿಂಬದಿಯ ಗೋಡೆಯನ್ನು ಕೆರೆದು ನೋಡಿದ. ಒಂದು ಪದರದ ಕೆಳಗೆ ಇನ್ನೊಂದು, ಎಲ್ಲವೂ ಬರೀ ಸುಣ್ಣ. ಈಗ ಮನೆ ಬೆಳ್ಳಗಿದೆ. ತಂಗಿಗೂ ಸಮಾಧಾನ, ಏಕೆಂದರೆ ಇಬ್ಬರೂ ಸೋತೆವು. ಆದರೆ ಬೆಳಿಗ್ಗೆ ಸರಿಯಾದ ಹೊತ್ತಿಗೆ ರೊಟ್ಟಿ ಮುರಿಯುವಾಗ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಗುತ್ತದೆ. ಗೋಡೆಯ ವಿಷಯ ಏನಾದರೂ ಆಗಲಿ, ನಾಯಿ ಮಾತ್ರ ಕಂದು ಬಣ್ಣದ್ದೇ.