ಎಲ್ಲರೂ ಹಂಚಿಕೊಂಡರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದೇ ಒಂದು ಕ್ರಿಯಾಪದ. ಅದನ್ನು ಬೇರೆ ಯಾರಾದರೂ ಬರೆದಿದ್ದರೆ ಕ್ಷಮಿಸಬಹುದಿತ್ತು. ಬರೆದವನು ಕಚೇರಿಯ ಪ್ರೂಫ್ ರೀಡರ್. ಇಪ್ಪತ್ತು ವರ್ಷ ಬೇರೆಯವರ ವಾಕ್ಯಗಳಿಗೆ ಅಲ್ಪವಿರಾಮ ತುರುಕಿ ತುರುಕಿ, ಅದೇ ಅವನ ಹೆಸರಾಗಿ ಅಂಟಿಕೊಂಡಿತ್ತು. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ಅಲ್ಪವಿರಾಮ’.

ಕಚೇರಿ ತಯಾರಿಸುತ್ತಿದ್ದದ್ದು ಯಾರೂ ಓದದ ಪುಸ್ತಕಗಳನ್ನು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಡಬ್ಬದ ತಳದಲ್ಲಿ ಮಡಚಿ ಬಿದ್ದಿರುತ್ತವಲ್ಲ, ಆ ಕೈಪಿಡಿಗಳು. ಆ ದಿನ ಸಂಜೆ ಐದಕ್ಕೆ ವಾಷಿಂಗ್ ಮಷೀನ್ ಒಂದರ ಕೈಪಿಡಿ ಅಚ್ಚಿಗೆ ಹೋಗಬೇಕಿತ್ತು. ಏಳರ ರೈಲಿಗೆ ಅಲ್ಪವಿರಾಮ ಹೆಂಡತಿಯನ್ನು ಸಮುದ್ರ ತೋರಿಸಲು ಕರೆದೊಯ್ಯಬೇಕಿತ್ತು. ಆರು ದಿನದ ರಜೆ. ಹಿಂದೆ ಮೂರು ಸಲ ಇದೇ ಸಮುದ್ರಕ್ಕೆಂದು ತುಂಬಿದ ಸೂಟ್‌ಕೇಸನ್ನು ಮತ್ತೆ ಖಾಲಿ ಮಾಡಿದ್ದಾಗಿತ್ತು.

“ಈ ಸಲವೂ ಕೈ ಕೊಟ್ರೆ ನಾನೊಬ್ಳೇ ಹೋಗ್ತೀನಿ” ಎಂದಿದ್ದಳು ಹೆಂಡತಿ. ಆಕೆ ಬಾಯಿ ಮಾತಿಗೆ ಹೇಳುವವಳಲ್ಲ.

ಮ್ಯಾನೇಜರು ಅದೇ ವಾರ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು. ಹೋಗುವಾಗ ಬರೀ ಸೋಮಾರಿಯಾಗಿದ್ದವರು, ಬರುವಾಗ ಸೋಮಾರಿತನಕ್ಕೊಂದು ಸಿದ್ಧಾಂತವನ್ನೂ ಜೊತೆಗೆ ತಂದಿದ್ದರು. ಗೋಡೆಗೆ ಬಿಳಿ ಬೋರ್ಡು ಹಾಕಿಸಿ, ಮೂರು ಹೆಸರು ಬರೆದು, ಮೇಲೆ ‘ಮುಂದಾಳು’ ಎಂದು ಅಲ್ಪವಿರಾಮನನ್ನು ಕೂರಿಸಿದರು.

“ಮುಂದಾಳು ಕೆಲಸ ಮಾಡಬಾರ್ದು, ಮಾಡಿಸ್ಬೇಕು. ಒಬ್ರ ಕೆಲಸ ಇನ್ನೊಬ್ರು ಮಾಡಿದ್ರೆ ಅದು ಸಹಕಾರ ಅಲ್ಲ, ಅಪರಾಧ. ಐದು ಗಂಟೆಗೆ ಈ ಮೂರು ಹೆಸರಿನ ಮುಂದೂ ಹಸಿರು ಗುರುತು ಕಂಡ್ರೆ ರಜೆಗೆ ಸಹಿ. ಇಲ್ದಿದ್ರೆ ಇಲ್ಲ.”

ಆ ಮೂರು ರತ್ನಗಳು ಇವು: ಚಿತ್ರ ಬರೆಯುವ ಬಣ್ಣದಕ್ಕ, ಆಕೆಯ ಬ್ರಷ್ಷು ಒದ್ದೆಯಾಗಿದ್ದನ್ನು ಯಾರೂ ಕಂಡಿರಲಿಲ್ಲ. ಅನುವಾದಕ, ಒಂದು ಪದಕ್ಕೆ ಒಂದು ವಾರ ಯೋಚಿಸಿ ಕೊನೆಗೆ ಮೂಲ ಪದವನ್ನೇ ಉಳಿಸುವವನು. ಮತ್ತು ಎಂಜಿನಿಯರ್, ಯಂತ್ರದ ವಿವರ ಸರಿಯಿದೆಯೇ ಎಂದು ನೋಡಬೇಕಾದವನು. ಅವನು ನೋಡುತ್ತಿದ್ದದ್ದು ಗಡಿಯಾರವೊಂದನ್ನೇ.

ಅಲ್ಪವಿರಾಮ ಅಚ್ಚುಕಟ್ಟಾಗಿ ಕಚೇರಿಯ ಗ್ರೂಪಿಗೆ ಸಂದೇಶ ಕಳಿಸಿದ: “ವಾಷಿಂಗ್ ಮಷೀನ್. ಚಿತ್ರ, ಅನುವಾದ, ಪರಿಶೀಲನೆ. ಇಂದು ಸಂಜೆಯೊಳಗೆ. ದಯವಿಟ್ಟು ಎಲ್ಲರೂ ಹಂಚಿಕೊಳ್ಳಿ.”

ಎರಡೇ ನಿಮಿಷದಲ್ಲಿ ಮೂರು ಉತ್ತರ ಬಂತು. “ಹಂಚಿಕೊಂಡೆ.” “ಹಂಚಿಕೊಂಡೆ.” “ಹಂಚಿಕೊಂಡಾಯ್ತು ಸಾರ್.” ಅವನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇವರನ್ನು ತಪ್ಪು ತಿಳಿದಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಹನ್ನೊಂದೂವರೆಗೆ ಬಣ್ಣದಕ್ಕನ ಮೇಜಿನ ಬಳಿ ಹೋದ. ಆಕೆ ಫೋನಿನಲ್ಲಿ ಚಪ್ಪಲಿ ಆರಿಸುತ್ತಿದ್ದಳು.

“ಅಕ್ಕಾ, ಚಿತ್ರ ಎಲ್ಲೀವರೆಗೆ ಬಂತು?”

“ಯಾವ ಚಿತ್ರ?”

“ನೀವೇ ಅಂದ್ರಲ್ಲ, ಹಂಚ್ಕೊಂಡೆ ಅಂತ.”

“ಹೂಂ, ಹಂಚ್ಕೊಂಡಿದೀನಿ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೀನಿ ನೋಡಿ. ಆಗ್ಲೇ ಹದಿನಾಲ್ಕು ಜನ ಲೈಕ್ ಕೊಟ್ಟಿದಾರೆ.”

ಸಂದೇಶದ ಪಕ್ಕದಲ್ಲೇ ‘ಹಂಚಿಕೊಳ್ಳಿ’ ಎಂಬ ಗುಂಡಿಯಿತ್ತು. ಆಕೆ ಒತ್ತಿದ್ದಳು. ಅಲ್ಲಿಗೆ ಆಕೆಯ ಪಾಲಿನ ಕೆಲಸ ಮುಗಿದಿತ್ತು.

“ನಾನು ನಾಲ್ಕು ಗ್ರೂಪಿಗೆ ಹಂಚ್ಕೊಂಡೆ” ಎಂದ ಅನುವಾದಕ, ಸ್ಪರ್ಧೆಯಲ್ಲಿ ಗೆದ್ದವನಂತೆ. “ನಾನು ಸ್ಟೇಟಸ್‌ಗೇ ಹಾಕ್ಬಿಟ್ಟೆ” ಎಂದ ಎಂಜಿನಿಯರ್.

“ಅಯ್ಯೋ, ಕೆಲಸಾನ ಪಾಲು ಮಾಡ್ಕೊಳ್ಳಿ ಅಂತ ಕಣ್ರಯ್ಯಾ ನಾನು ಹೇಳಿದ್ದು!”

“ಹಾಗಾದ್ರೆ ಹಾಗೆ ಬರೀಬೇಕಿತ್ತು” ಎಂದ ಅನುವಾದಕ ತಣ್ಣಗೆ. “ಪ್ರೂಫ್ ನೋಡೋರು ನೀವು, ನಾವಲ್ಲ.”

ಅಷ್ಟರಲ್ಲಿ ಅಲ್ಪವಿರಾಮನ ಫೋನು ಬಡಿದುಕೊಂಡಿತು. ಹೆಂಡತಿಯ ತಮ್ಮ. “ಭಾವಾ, ವಾಷಿಂಗ್ ಮಷೀನ್ ಹಂಚ್ತಿದೀರಂತೆ? ಊರಿಗೆಲ್ಲ ಹೇಳಿ ನನಗೇ ಹೇಳ್ಲಿಲ್ವಲ್ಲ!” ಅದನ್ನು ಕತ್ತರಿಸುವಷ್ಟರಲ್ಲಿ ಅತ್ತೆ. “ಅಳಿಯಂದ್ರೇ, ನನಗೆ ಮೇಲಿಂದ ಬಟ್ಟೆ ಹಾಕೋದು ಬೇಕು. ಮುಂದೆ ಬಾಗಿಲಿರೋದು ಬೇಡಪ್ಪ, ಸೊಂಟ ಬಗ್ಗಲ್ಲ.”

ಬೆನ್ನಿಗೇ ಕೆಳಗಿನಿಂದ ಕಾವಲುಗಾರ ಏದುಸಿರು ಬಿಡುತ್ತಾ ಬಂದ. “ಸಾರ್, ಗೇಟ್ ಹತ್ರ ಮೂವತ್ತು ಜನ ನಿಂತಿದಾರೆ. ಸಂಜೆಯೊಳಗೆ ಮಷೀನ್ ಹಂಚ್ತಾರಂತೆ, ಸಾಲು ಎಲ್ಲಿಂದ ಅಂತಾರೆ. ಒಬ್ರು ತಳ್ಳುಗಾಡಿ ಸಮೇತ ಬಂದಿದಾರೆ.”

ಅಲ್ಪವಿರಾಮ ಮೆಟ್ಟಿಲಿಳಿದು, ಕೈಮುಗಿದು, ಇಲ್ಲಿ ಮಷೀನು ಇಲ್ಲ, ಮಷೀನಿನ ಪುಸ್ತಕ ಮಾತ್ರ ಇರುವುದು ಎಂದು ವಿವರಿಸಿದ. ಯಾರೂ ನಂಬಲಿಲ್ಲ. “ಒಳಗಿನವ್ರಿಗೆಲ್ಲ ಕೊಟ್ಟು ಮುಗಿಸಿದಾರೆ” ಎಂದು ಒಬ್ಬಾಕೆ ಕೂಗಿದಳು. ತಳ್ಳುಗಾಡಿಯವನು ಬಂದ ತಪ್ಪಿಗೆ ಗೇಟಿನ ಬಳಿಯ ಹೂಕುಂಡವನ್ನೇ ಹೇರಿಕೊಂಡು ಹೋದ. ಅಷ್ಟರಲ್ಲಿ ಒಂದು ಗಂಟೆಯಾಗಿತ್ತು.

ಒಂದೂಕಾಲಿಗೆ ಮ್ಯಾನೇಜರು ತುರ್ತು ಸಭೆ ಕರೆದರು. ವಿಷಯ: ಸಮಯ ಏಕೆ ಸಾಲುತ್ತಿಲ್ಲ. ಸಭೆ ಎರಡು ತಾಸು ನಡೆಯಿತು. ಎಂಜಿನಿಯರ್ ಒಂದು ಸಣ್ಣ ನಿದ್ದೆಯನ್ನೂ ಮುಗಿಸಿದ. ಕೊನೆಗೆ, ಇಂಥ ಸಭೆಗಳು ಇನ್ನೂ ಹೆಚ್ಚಾಗಬೇಕೆಂದು ಎಲ್ಲರೂ ಒಪ್ಪಿದರು. ದಣಿವಾಯಿತೆಂದು ಮೂವರೂ ಚಹಾ ಕುಡಿಯಲು ಹೊರಟರು.

ಮೂರೂಕಾಲು. ಅಲ್ಪವಿರಾಮ ಖಾಲಿ ಕೋಣೆಯನ್ನೊಮ್ಮೆ ನೋಡಿದ, ಬಾಗಿಲು ಹಾಕಿದ, ಅಂಗಿಯ ತೋಳು ಮಡಚಿದ. ಅಪರಾಧವಾದರೆ ಆಗಲಿ, ಸಮುದ್ರವಂತೂ ತಪ್ಪಬಾರದು.

ಸ್ಕೇಲು ಹಿಡಿದು ಚಿತ್ರ ಬರೆದ. ವಾಷಿಂಗ್ ಮಷೀನು ಒಂದು ಕಿಟಕಿಯಿರುವ ಗೋಡೆಯ ಹಾಗೆ ಬಂತು, ಪಕ್ಕದಲ್ಲಿ ಬಾಣ ಹಾಕಿ ‘ಇದು ಯಂತ್ರ’ ಎಂದು ಬರೆದ. ಹದಿನೆಂಟು ಪುಟ ಅನುವಾದಿಸಿದ. ನೀರಿನ ಪೈಪು ಎಷ್ಟು ಉದ್ದವಿರಬೇಕೋ ತಿಳಿಯದೆ ‘ನಲ್ಲಿ ತಲುಪುವಷ್ಟು’ ಎಂದು ಸೇರಿಸಿದ. ಅದು ಎಂಜಿನಿಯರ್ ಈವರೆಗೆ ಕೊಟ್ಟ ಎಲ್ಲ ಅಳತೆಗಿಂತ ಸರಿಯಾಗಿತ್ತು ಎಂಬುದು ಬೇರೆ ಮಾತು. ನಾಲ್ಕು ಐವತ್ತೈದಕ್ಕೆ ಕಡತ ಅಚ್ಚಿಗೆ ಹೋಯಿತು. ಹಸಿರು ಪೆನ್ನು ತೆಗೆದುಕೊಂಡು ಮೂರು ಹೆಸರಿನ ಮುಂದೂ ತಾನೇ ಗುರುತು ಹಾಕಿದ. ಇಪ್ಪತ್ತು ವರ್ಷದಲ್ಲಿ ಅವನು ಬರೆದ ಮೊದಲ ಸುಳ್ಳು ಅದು.

ಐದಕ್ಕೆ ಸರಿಯಾಗಿ ಮ್ಯಾನೇಜರು ಬಂದು ಬೋರ್ಡಿನ ಮುಂದೆ ನಿಂತರು. ಮೂವರೂ ಅದೇ ಹೊತ್ತಿಗೆ ಚೀಲ ತೆಗೆದುಕೊಳ್ಳಲು ಒಳಗೆ ಬಂದರು. ತಮ್ಮ ಹೆಸರಿನ ಮುಂದಿನ ಹಸಿರು ನೋಡಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ.

“ಭೇಷ್! ಮೂರಕ್ಕೆ ಮೂರು!” ಎಂದರು ಮ್ಯಾನೇಜರು. ಅಲ್ಪವಿರಾಮನ ರಜೆ ಅರ್ಜಿ ತೆಗೆದು ಅದರ ಮೇಲೆ ಏನೋ ಗೀಚಿ ಸಹಿ ಹಾಕಿದರು. “ಆರು ದಿನ, ಮೂರು ಜನ. ನಾಳೆಯಿಂದ ತಲಾ ಎರಡೆರಡು ದಿನ ರಜೆ.”

“ಸಾರ್, ಅದು ನನ್ನ ರಜೆ!”

“ನಿಮ್ಮ ಹೆಸರಿನ ಮುಂದೆ ಏನಿದೆ, ನೀವೇ ನೋಡಿ.”

ಅಲ್ಪವಿರಾಮ ನೋಡಿದ. ಏನೂ ಇರಲಿಲ್ಲ.

“ಬೆಳಗ್ಗಿಂದ ದುಡಿದೋರು ಅವರು, ಸುಮ್ನೆ ಕೂತೋರು ನೀವು. ದಣಿವು ಅವರಿಗೆ, ವಿಶ್ರಾಂತಿ ನಿಮಗೆ, ಅದ್ಯಾವ ನ್ಯಾಯ? ಆಫೀಸು ನೋಡ್ಕೊಳೋಕೂ ಒಬ್ರು ಬೇಕಲ್ಲ. ಏನಾದ್ರೂ ಹೇಳೋದಿದೆಯಾ?”

ಹೇಳುವುದಿತ್ತು. ಹೇಳಿದರೆ ಆ ಹಸಿರು ಯಾರ ಕೈಯದು ಎಂಬುದನ್ನೂ ಹೇಳಬೇಕಿತ್ತು, ಆಗ ಕೆಲಸವೇ ಹೋಗುತ್ತಿತ್ತು. “ಇಲ್ಲ ಸಾರ್” ಎಂದ ಅಲ್ಪವಿರಾಮ.

“ಥ್ಯಾಂಕ್ಸ್ ಸಾರ್, ತುಂಬಾ ಸುಸ್ತಾಗಿತ್ತು” ಎನ್ನುತ್ತಾ ಬಣ್ಣದಕ್ಕ ಬಾಗಿಲು ದಾಟಿದಳು. ಹಿಂದೆಯೇ ಉಳಿದಿಬ್ಬರು.

ಫೋನು ಹೊಡೆದುಕೊಂಡಿತು. ಸ್ಟೇಷನ್ನಿನ ಗದ್ದಲದ ನಡುವೆ ಹೆಂಡತಿಯ ದನಿ: “ಹೊರಟ್ರಾ?”

“ಹೊರಟ್ರು ಕಣೇ” ಎಂದ ಅಲ್ಪವಿರಾಮ, “ಮೂರೂ ಜನ.”