ನಮ್ಮತ್ತೆ ಗಾಲ್ಫ್ ಆಡಿ ಮುಗಿಸುವ ಹೊತ್ತಿಗೆ

ನಮ್ಮತ್ತೆ ಗಾಲ್ಫಿನ ಒಂದು ಆಟ ಶುರು ಮಾಡಿ ಮುಗಿಸುವುದರೊಳಗೆ ಕಾಫಿ ಗಿಡದ ಹೂವು ಕಾಯಾಗಿರುತ್ತದೆ ಎಂದು ಮಲ್ಲಂದೂರಿನ ಕಡೆ ಒಂದು ಮಾತಿದೆ. ಇದು ಅಪ್ಪಟ ಸುಳ್ಳು. ಪಕ್ಕದಲ್ಲೇ ಇದ್ದು ನೋಡಿದವನು ನಾನು. ನಾಲ್ಕು ಗಂಟೆ ಹತ್ತು ನಿಮಿಷ, ಅಷ್ಟೇ! ಅಷ್ಟರಲ್ಲಿ ಉಳಿದವರು ಒಂಬತ್ತು ಕುಳಿಗಳನ್ನೂ ಮುಗಿಸಿ, ಕ್ಲಬ್ಬಿನಲ್ಲಿ ಕಡುಬು ತಿಂದು, ಮನೆಗೆ ಹೋಗಿ ಮಿಂದು, ಒಂದು ನಿದ್ದೆಯನ್ನೂ ತೆಗೆದಿರುತ್ತಾರೆ ಎನ್ನುವುದು ಬೇರೆ ವಿಷಯ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮೂವತ್ತು ಎಕರೆ ಕಾಫಿ ತೋಟವನ್ನು ನಲವತ್ತು ವರ್ಷದಿಂದ ತಾವೇ ನಿಂತು ಮಾಡಿಸುತ್ತಿರುವವರು. ಅರವತ್ತು ದಾಟಿದ ಮೇಲೆ ಒಂದು ದಿನ ಪ್ಲಾಂಟರುಗಳ ಸಣ್ಣ ಗಾಲ್ಫ್ ಕ್ಲಬ್ಬಿಗೆ ಗಂಬೂಟಿನಲ್ಲೇ ಹೋಗಿ ಸೇರಿಕೊಂಡರು. ದಿನವೂ ಮೈಲಿಗಟ್ಟಲೆ ನಡೆಯುವವರಿಗೆ ಇದೇಕೆ ಎಂದು ಕೇಳಿದ್ದಕ್ಕೆ, ತೋಟದಲ್ಲಿ ನಡೆದರೆ ಬರೀ ಕೆಲಸ ಕಣ್ಣಿಗೆ ಬೀಳುತ್ತದೆ, ವಾರಕ್ಕೊಂದು ದಿನ ಕೆಲಸ ಕಾಣದ ಕಡೆ ನಡೆಯಬೇಕು ಎಂದರು. ಜೊತೆಗಾರನಾಗಿ ನಾನು ಆಯ್ಕೆಯಾದೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ನನಗೆ ಭಾನುವಾರ ಬಿಡುವು; ಅದಕ್ಕಿಂತ ಹೆಚ್ಚಾಗಿ, ಅತ್ತೆಗೆ ಆಗುವುದಿಲ್ಲ ಎನ್ನುವ ಧೈರ್ಯ ಇಡೀ ಕುಟುಂಬದಲ್ಲಿ ನನಗೊಬ್ಬನಿಗೇ ಇಲ್ಲ.

ಕೆಲಸ ಕಾಣದ ಕಡೆ ಎಂದರಲ್ಲ? ಮೊದಲ ದಿನವೇ ಅವರಿಗೆ ಹುಲ್ಲಿನಲ್ಲಿ ಕಳೆ ಕಂಡಿತು! ಚೆಂಡಿಗೆ ಹೊಡೆಯಲು ನಿಂತವರು ಕೋಲನ್ನು ನನ್ನ ಕೈಗಿತ್ತು, ಬಗ್ಗಿ, ಕಳೆಯನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಅದರ ಕುಲಗೋತ್ರ ವಿವರಿಸಿದರು. ಆಮೇಲೆ ಚೆಂಡಿನ ಸುತ್ತ ಒಂದು ಪ್ರದಕ್ಷಿಣೆ. ಆಲ್ದೂರಿನ ಸಂತೆಯಲ್ಲಿ ಬದನೆಕಾಯಿಯನ್ನು ಯಾವ ಅನುಮಾನದಿಂದ ನೋಡುತ್ತಾರೋ ಅದೇ ಅನುಮಾನದಿಂದ ಚೆಂಡನ್ನು ನಾಲ್ಕೂ ಕಡೆಯಿಂದ ನೋಡಿದರು. ಐದು ಸಲ ಗಾಳಿಗೆ ಬೀಸಿ, ಆರನೆಯ ಸಲ ಹೊಡೆದರು. ಚೆಂಡು ಹತ್ತು ಮಾರು ಹೋಯಿತು. ಅಷ್ಟಾದರೂ ಹೋಯಿತಲ್ಲ ಎಂದು ಸಂತೋಷದಿಂದ ಹೊರಟರು.

ಗಾಲ್ಫಿನಲ್ಲಿ ಒಂದು ಮರ್ಯಾದೆಯಿದೆ. ಹಿಂದಿನವರು ಬೇಗ ಆಡುವವರಾದರೆ ಮುಂದಿನವರು ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅತ್ತೆ ಇದನ್ನು ಅತಿಥಿ ಸತ್ಕಾರವೆಂದೇ ತಿಳಿದಿದ್ದರು. ದೂರದಲ್ಲಿ ನಾಲ್ಕು ಟೋಪಿ ಕಂಡರೆ ಸಾಕು, ಕೈಯೆತ್ತಿ ಕರೆದು, ಅವರ ಮನೆಮಂದಿಯ ಯೋಗಕ್ಷೇಮ ವಿಚಾರಿಸಿ ಕಳಿಸುತ್ತಿದ್ದರು. ಒಮ್ಮೆ ಹೀಗೆ ದಾರಿ ಬಿಟ್ಟಾಗ, ಇವರನ್ನು ಆಗಲೇ ನೋಡಿದ ಹಾಗಿದೆಯಲ್ಲ ಎಂದು ನನಗೆ ಅನುಮಾನ ಬಂತು. ಹೌದು, ನೋಡಿದ್ದೆವು. ಅವರು ತಮ್ಮ ಎರಡನೆಯ ಆಟದಲ್ಲಿದ್ದರು!

ಇನ್ನು ಆನೆಯ ಮೆಸೇಜುಗಳು. ನಮ್ಮ ಕಡೆ ಆನೆ ಎಲ್ಲಿದೆ ಎಂದು ತಿಳಿಸಲು ಊರವರೆಲ್ಲ ಸೇರಿಕೊಂಡ ವಾಟ್ಸಾಪ್ ಗುಂಪು ಎಲ್ಲರ ಫೋನಿನಲ್ಲೂ ಇರುತ್ತದೆ. ಟಿಣ್ ಎಂದ ಕೂಡಲೇ ಅತ್ತೆ ಆಟ ನಿಲ್ಲಿಸಿ, ಕನ್ನಡಕ ಹುಡುಕಿ, ಗಟ್ಟಿಯಾಗಿ ಓದಿ, ಅದು ಯಾರ ತೋಟ, ಅವರ ಸೊಸೆ ಎಲ್ಲಿಯವಳು ಎಂಬುದನ್ನೂ ಹೇಳಿಯೇ ಮುಂದಕ್ಕೆ ಹೋಗುವುದು. ಏಳನೆಯ ಕುಳಿಯ ಹತ್ತಿರವಂತೂ ಮೈದಾನಕ್ಕೂ ಕಾಫಿ ತೋಟಕ್ಕೂ ನಡುವೆ ಬರೀ ಮುರುಕು ಬೇಲಿ. ಅಲ್ಲಿ ಮೆಸೇಜು ಬರಲಿ ಬಿಡಲಿ, ಅತ್ತೆ ಸಿಲ್ವರ್ ಓಕ್ ಮರಗಳ ಸಾಲನ್ನು ನೋಡುತ್ತ ಸುಮ್ಮನೆ ನಿಂತುಬಿಡುತ್ತಿದ್ದರು. ಏನು ನೋಡುತ್ತೀರಿ ಎಂದು ಒಮ್ಮೆ ಕೇಳಿದೆ.

"ಏನೂ ಇಲ್ಲ ಅನ್ನುದನ್ನ ನೋಡ್ತಿದೀನಿ ಮಾರಾಯ. ಅದನ್ನ ನೋಡಕ್ಕೆ ಸ್ವಲ್ಪ ಹೊತ್ತು ಬೇಕು."

ಹೀಗೆ ಸುಖವಾಗಿದ್ದಾಗ ಕಮಿಟಿಯವರು ನೋಟಿಸು ಹಚ್ಚಿದರು. ಭಾನುವಾರ ಒಂಬತ್ತು ಕುಳಿಗಳನ್ನು ಎರಡೂವರೆ ಗಂಟೆಯೊಳಗೆ ಮುಗಿಸಬೇಕು. ಆಗದವರು ಬೇರೆ ದಿನ ಬರಬೇಕು. ಬೇರೆ ದಿನ ಅತ್ತೆಗೆ ತೋಟ, ನನಗೆ ಕಾಲೇಜು. ಅಂದರೆ ಅವರ ಆಟ ಮುಗಿದಂತೆ. ಹಿರಿಯರೆಂದು ಒಂದು ಭಾನುವಾರ ಪ್ರಯತ್ನಿಸಿ ತೋರಿಸಲು ಅವಕಾಶ ಕೊಟ್ಟರು. ಅತ್ತೆ ನೋಟಿಸನ್ನು ಎರಡು ಸಲ ಓದಿ, "ಭಾನುವಾರನೂ ಹೋದ್ರೆ ನಂಗೆ ವಾರದಲ್ಲಿ ಇನ್ನೆಂತ ಉಳೀತು?" ಎಂದರು. ಅವರು ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಸೇನಾಧಿಪತಿಯಾದೆ. ನನ್ನ ಫೋನಿನಲ್ಲಿ ಗಡಿಯಾರ ಓಡಬೇಕು, ನಡುವೆ ಏನೂ ಟಿಣ್ ಎನ್ನಬಾರದೆಂದು ಆನೆ ಗುಂಪಿನ ಸದ್ದು ಅಡಗಿಸಿದೆ. ಅವರಿಗೆ ಹೇಳದೆ ಅತ್ತೆಯ ಫೋನಿನ ಬಾಯಿಯನ್ನೂ ಮುಚ್ಚಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಕಳೆ ಕೀಳುವಂತಿಲ್ಲ, ಪ್ರದಕ್ಷಿಣೆ ಇಲ್ಲ, ಒಂದೇ ಬೀಸು. ನವೆಂಬರಿನ ಆ ಬೆಳಿಗ್ಗೆ ಆರು ಕುಳಿಗಳು ಒಂದೂವರೆ ಗಂಟೆಯಲ್ಲಿ ಮುಗಿದವು! ಅತ್ತೆ ಬೆವರುತ್ತಿದ್ದರು. ಹೇಗಿದೆ ಅತ್ತೆ ಆಟ ಎಂದೆ. "ಬೇಗ ಆಗ್ತಿದೆ" ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲವೆಂದು ಹೊಳೆಯಲು ನನಗೆ ಬಹಳ ದಿನ ಹಿಡಿಯಿತು.

ಏಳನೆಯ ಕುಳಿಯಲ್ಲಿ ಅಭ್ಯಾಸಬಲದಿಂದ ನಿಂತು ಮರಗಳ ಕಡೆ ತಿರುಗಿದರು. ನಾನು "ನಡೀರಿ ಅತ್ತೆ" ಎಂದೆ. ನಡೆದರು. ಹೊಡೆದರು. ಚೆಂಡು ಬೇಲಿ ದಾಟಿತು. ಒಂದು ನಿಮಿಷ ಉಳಿಯುತ್ತದೆಂದು ನಾನೇ ಓಡಿ ತೋಟದೊಳಗೆ ನುಗ್ಗಿದೆ.

ಚೆಂಡು ಒಂದು ಕರಿಬಂಡೆಯ ಬುಡದಲ್ಲಿತ್ತು. ಬಂಡೆ ಕಿವಿ ಅಲ್ಲಾಡಿಸಿತು.

ಈಗಲೂ ಕಪ್ಪು ಹಲಗೆಯ ಮೇಲೆ ಬರೆಯುವಾಗ, ಬಸ್ಸಿನಲ್ಲಿ ಕೂತಾಗ, ಆ ಕಿವಿ ಅಲ್ಲಾಡುತ್ತದೆ. ಒಂಟಿ ಸಲಗ, ನಮ್ಮ ನಡುವೆ ಮೂರು ಕಾಫಿ ಗಿಡ. ಅದರ ಉಸಿರಿಗೆ ಎಲೆಗಳು ಆಡುತ್ತಿದ್ದವು. ಆಗ ಬೆನ್ನ ಹಿಂದಿನಿಂದ, ಬೇಲಿಯಾಚೆಯ ಮೈದಾನದಿಂದಲೇ, ಕಾಫಿ ಬೇಕಾ ಎಂದು ಕೇಳುವಂಥ ದನಿಯಲ್ಲಿ ಅತ್ತೆ ಮಾತಾಡಿದರು.

"ಓಡಬೇಡ. ಬೆನ್ನು ತೋರಿಸಬೇಡ. ಒಂದು ಹೆಜ್ಜೆ ಹಿಂದೆ ಇಡು. ನಿಧಾನ. ಇನ್ನೂ ನಿಧಾನ ಮಾರಾಯ. ನಮಗೆಂತ ಅವಸರ ಇದೆ?"

ಇಟ್ಟೆ. ಆನೆ ಕಿವಿ ಅಗಲಿಸಿತು. ಅವರು ನಿಲ್ಲು ಎಂದರು, ನಿಂತೆ. ಇಡು ಎಂದರು, ಇಟ್ಟೆ. ಹಿಂದಿನ ತಂಡದವರು ಸಿಡಿಮಿಡಿಗುಟ್ಟುತ್ತ ಬರುವ ಸದ್ದು ಕೇಳಿಸಿತು. ಅತ್ತೆ ತಿರುಗದೆಯೇ ಅಂಗೈ ಎತ್ತಿ ಅವರನ್ನು ತಡೆದರಂತೆ. ಹದಿನೈದು ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೋ! ಕೊನೆಗೆ ಅವರ ಕೈ ನನ್ನ ಅಂಗಿಯ ಬೆನ್ನನ್ನು ಹಿಡಿದು ಬೇಲಿ ದಾಟಿಸಿತು, ದಾಟಿದ ಮೇಲೂ ಬಿಡಲಿಲ್ಲ. ಸಲಗ ಆಮೇಲೆ ಬೇಲಿಯ ಮೇಲೆಯೇ ಕಾಲಿಟ್ಟು, ಮೈದಾನದ ನಟ್ಟನಡುವೆ ಹಾದು, ಒಮ್ಮೆ ನಿಂತು ಬೆನ್ನಿಗೆ ಮಣ್ಣು ಎರಚಿಕೊಂಡು, ಆಚೆಯ ತೋಟಕ್ಕೆ ಹೋಯಿತು. ಕಮಿಟಿಯ ಯಾವ ಸದಸ್ಯರೂ ಅದಕ್ಕೆ ನೋಟಿಸು ಓದಿ ಹೇಳಲಿಲ್ಲ.

ಕ್ಲಬ್ಬಿನಲ್ಲಿ ಕೂತು ಫೋನ್ ನೋಡಿದೆ. ಸಲಗ ಅದೇ ತೋಟದಲ್ಲಿದೆ ಎಂಬ ಮೆಸೇಜು ನಾವು ಐದನೆಯ ಕುಳಿಯಲ್ಲಿದ್ದಾಗಲೇ ಬಂದಿತ್ತು. ಅತ್ತೆ ನೀರು ಕುಡಿಯುತ್ತ, ಗುಂಪಿನಲ್ಲಿ ಯಾರೂ ಏನೂ ಹಾಕಿರಲಿಲ್ವಾ ಎಂದು ಕೇಳಿದರು. ಇಲ್ಲ ಎಂದೆ. ಅವರ ಫೋನನ್ನು ವಾಪಸು ಕೊಡುವ ಮೊದಲು ಆ ಮೆಸೇಜನ್ನು ಅಳಿಸಿದೆ.

ಕಮಿಟಿ ದೊಡ್ಡ ಮನಸ್ಸು ಮಾಡಿತು. ಆನೆಯ ಹೊತ್ತನ್ನೂ ಆಡದೆ ಉಳಿದ ಕುಳಿಗಳನ್ನೂ ಲೆಕ್ಕದಿಂದ ಕಳೆದು, ಅತ್ತೆ ಪಾಸು, ಭಾನುವಾರ ಧಾರಾಳವಾಗಿ ಬರಲಿ ಎಂದಿತು. ಬರಲಿಲ್ಲ ಅತ್ತೆಯೇ. ಸಾಕು ಎಂದರು, ಅಷ್ಟೇ.

ನಾನೀಗ ಚುರುಕಾದ ಮೂವರ ಜೊತೆ ಆಡುತ್ತೇನೆ. ಎರಡು ಗಂಟೆ ಐದು ನಿಮಿಷ. ಒಂಬತ್ತಕ್ಕೆಲ್ಲ ಮನೆಯಲ್ಲಿರುತ್ತೇನೆ. ಇದ್ದು ಏನು ಮಾಡಲಿ? ಹೆಂಡತಿ, ಇಷ್ಟು ಬೇಗ ಯಾಕೆ ಬಂದಿರಿ ಎಂದು ಕೇಳುತ್ತಾಳೆ. ಎಷ್ಟು ಹೊಡೆತಕ್ಕೆ ಮುಗಿಸಿದೆ ಎಂದು ಹೇಳಬಲ್ಲೆ. ದಾರಿಯಲ್ಲಿ ಏನಿತ್ತು ಎಂದು ಹೇಳಲಾರೆ. ಅತ್ತೆಯ ಜೊತೆಗಿನ ಆ ನಾಲ್ಕು ಗಂಟೆಗಳಲ್ಲಿ ನಾನು ಎಷ್ಟು ಶಪಿಸಿದ್ದೇನೋ, ಈಗ ಅದರಲ್ಲಿ ಒಂದು ಗಂಟೆ ಸಿಕ್ಕಿದರೂ ಸಾಕೆನಿಸುತ್ತದೆ. ಮೂರನೆಯ ಕುಳಿಯ ಬಳಿ ಕಳೆ ಮೊಣಕಾಲೆತ್ತರ ಬೆಳೆದಿದೆ.

ಜನವರಿಯಲ್ಲಿ ತೋಟಕ್ಕೆ ಹೋದೆ. ಹಣ್ಣು ಕೊಯ್ಲು ಜೋರಾಗಿತ್ತು. ಅತ್ತೆ ಮಾತ್ರ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊಯ್ಲಿನ ದಿನಗಳಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಮೇಸ್ತ್ರಿ ಬಂದು ಮೇಲಿನ ತೋಟದ ಕಡೆ ಒಂದ್ಸಲ ನೋಡಬೇಕಿತ್ತಲ್ಲಮ್ಮ ಎಂದಾಗ, ನೀವೇ ನೋಡಿ ಎಂದು ಕಳಿಸಿದರು. ಅಲ್ಲಿಯವರೆಗೆ ತಡೆದಿದ್ದ ಮಾತು ನನ್ನ ಬಾಯಿಂದ ಬಂತು.

"ಅವತ್ತು ಮೆಸೇಜು ಬಂದಿತ್ತು ಅತ್ತೆ. ಫೋನ್ ಸೈಲೆಂಟ್ ಮಾಡಿದ್ದು ನಾನು. ನೀವು ನೋಡಕ್ಕೆ ನಿಂತಿದ್ರಿ, ನಿಲ್ಲಕ್ಕೆ ಬಿಡಲಿಲ್ಲ. ಆಮೇಲೆ ಅಳಿಸಿದ್ದೂ ನಾನೇ."

ನನ್ನ ಫೋನಿನಲ್ಲಿದ್ದ ಆ ಮೆಸೇಜನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಓದಿದರು. ಬಯ್ಯುತ್ತಾರೆಂದು ಕಾದೆ. ಫೋನನ್ನು ನೋಡುತ್ತಲೇ ಹೇಳಿದರು.

"ಅಷ್ಟು ದೊಡ್ಡ ಪ್ರಾಣಿ ನಿಂತಿದ್ದು ನಂಗೆ ಗೊತ್ತಾಗಲಿಲ್ಲ, ಇನ್ನು ನನ್ನ ಕಣ್ಣು ಕಿವಿ ನಂಬೋ ಹಾಗಿಲ್ಲ ಅಂದ್ಕೊಂಡಿದ್ದೆ. ಎರಡು ತಿಂಗಳಿಂದ ತೋಟಕ್ಕೆ ಇಳಿದಿಲ್ಲ ನಾನು."

ಅವರು ಎದ್ದು ಗಂಬೂಟು ಹಾಕಿಕೊಂಡರು. ಕಣ ದಾಟಿ, ತೋಟದ ಮೊದಲ ಸಾಲಿನ ಎದುರು ನಿಂತು, ಒಳಗೆ ನೋಡಿದರು. ಕೊಯ್ಯುವವರ ಮಾತು ಎಲ್ಲೋ ಕೇಳುತ್ತಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ತಲೆ ತಗ್ಗಿಸಿ ನಿಂತಿದ್ದೆ.

"ಅಷ್ಟು ದೂರ ಯಾಕೆ ನಿಂತೆ?" ಎಂದು ಅತ್ತೆ ಕೈ ಚಾಚಿದರು. "ಕೈ ಹಿಡ್ಕೋ, ಇಳಿಜಾರಿದೆ."

ಹಿಡಿದುಕೊಂಡೆ. ಯಾರಿಗೆ ಜಾರುವ ಭಯವಿತ್ತೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.