ತೆಂಗಿನೆಣ್ಣೆ ಹಚ್ಚಿದ ಕೇಬಲ್ಲು

ಕೊಳ್ಳುವ ಪ್ರತಿಯೊಂದು ವಸ್ತುವಿಗೂ ಒಂದು ಪರೀಕ್ಷೆ ಇದ್ದೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಅಜ್ಜಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ, ಗುಳ್ಳಬದನೆಯ ತೊಟ್ಟು ನೋಡಿ, ಮೊಮ್ಮಗಳನ್ನು ನೋಡಲು ಬಂದ ಗಂಡನ್ನು ಊಟಕ್ಕೆ ಕೂರಿಸಿ ಪರೀಕ್ಷಿಸುತ್ತಿದ್ದರು. ಯಾರಾದರೂ ಕಡಿಮೆ ಬೆಲೆಗೆ ಏನಾದರೂ ತಂದರೆ 'ಅಗ್ಗದ ಆಸೆಗೆ ಮುಗ್ಗಿದ ಜೋಳ' ಎಂದು ಮೂಗು ಮುರಿಯುತ್ತಿದ್ದರು. ಕಾಪುವಿನ ನಮ್ಮ ಮನೆಗೆ ಜೋಳ ಬಂದದ್ದನ್ನು ನಾನಂತೂ ಕಂಡಿಲ್ಲ, ಅಜ್ಜಿಯೂ ಕಂಡಿರಲಾರರು. ಗಾದೆ ಹೇಳುವುದಕ್ಕೆ ಜೋಳ ಬೇಕೆಂದೇನೂ ಇಲ್ಲವಲ್ಲ! ಇಂಥ ಅಜ್ಜಿಯ ಕೈಯಲ್ಲಿ ಬೆಳೆದ ನಾನು ಈ ವಯಸ್ಸಿನಲ್ಲಿ ಒಂದು ತುಂಡು ಕೇಬಲ್ಲಿನ ಮುಂದೆ ಸೋತು ಕುಳಿತೆ. ಅಲ್ಲಾಡಿಸಿದರೆ ಸದ್ದಿಲ್ಲ. ತಟ್ಟಿದರೆ ಉತ್ತರವಿಲ್ಲ. ಮೂಸಿದರೆ ಎಲ್ಲಕ್ಕೂ ಒಂದೇ, ಹೊಸ ಚಪ್ಪಲಿಯ ವಾಸನೆ.

ಕಾರ್ಕಳದ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸಾಮಾನು ತರಿಸುವ ಕೆಲಸ ನನ್ನದು. ನಮ್ಮ ಧಣಿ ಗ್ರೆಗರಿಯವರು ಗಲ್ಫಿನಲ್ಲಿ ದುಡಿದು ಬಂದವರು. ಯಂತ್ರವೆಂದರೆ ಅವರಿಗೆ ಪ್ರಾಣ. ಬೀಜ ಕತ್ತರಿಸುವ ಯಂತ್ರದ ಬಾಯಿಗೆ ಅವರೊಂದು ಸೆನ್ಸರ್ ಹಾಕಿಸಿದರು. ಹೆಬ್ಬೆರಳಿನ ಗಾತ್ರದ್ದು. ಬಾಯಿ ತುಂಬಿತೋ ಖಾಲಿಯಾಯಿತೋ ನೋಡಿ, ಬೀಜ ಹೊತ್ತು ತರುವ ಬೆಲ್ಟನ್ನು ಓಡಿಸುವುದು, ನಿಲ್ಲಿಸುವುದು ಅದರ ಉದ್ಯೋಗ. ನಮ್ಮವರೆಲ್ಲ ಅದನ್ನು 'ಕಣ್ಣು' ಎಂದೇ ಕರೆಯುತ್ತಾರೆ. ಕಣ್ಣು ಕಂಡದ್ದನ್ನು ಗೋಡೆಯ ಪೆಟ್ಟಿಗೆಗೆ ಮುಟ್ಟಿಸುವುದು ಕೇಬಲ್ಲು. ಕಣ್ಣಿಗೆ ಒಂದು ದಿನವೂ ನೆಗಡಿ ಕೂಡ ಬರಲಿಲ್ಲ. ಕೇಬಲ್ಲು ಮಾತ್ರ ಮೇಲಿಂದ ಮೇಲೆ ಸಾಯುತ್ತಿತ್ತು. ಗೇರುಬೀಜದ ಸಿಪ್ಪೆಯ ಎಣ್ಣೆ ಸಾಮಾನ್ಯದ್ದಲ್ಲ, ತಾಗಿದರೆ ಕೈಯ ಚರ್ಮ ಸುಲಿದು ಬರುತ್ತದೆ. ಅದು ತೊಟ್ಟಿಕ್ಕುವ ಜಾಗದಲ್ಲೇ ಕೇಬಲ್ಲಿನ ದಾರಿ. ಊದಿಕೊಂಡು, ಬಿರಿದು ಅದು ಪ್ರಾಣ ಬಿಟ್ಟರೆ ಬೆಲ್ಟು ನಿಂತಿತು. ಬೆಲ್ಟು ನಿಂತರೆ ಕತ್ತರಿಸಿದ ಬೀಜದಿಂದ ತಿರುಳು ಬಿಡಿಸುವ ಹೆಂಗಸರ ಕೈ ನಿಂತಿತು. ಅವರಿಗೆ ಕೂಲಿ ಬಿಡಿಸಿದ ತಿರುಳಿನ ತೂಕದ ಮೇಲೆ. ಖಾಲಿ ಕೈಯನ್ನು ಮಡಿಲಲ್ಲಿಟ್ಟು ಕುಳಿತ ಅಷ್ಟು ಮಂದಿ ಹೆಂಗಸರು ಒಟ್ಟಿಗೆ ತಿರುಗಿ ನೋಡಿದರೆ ಹೇಗಿರುತ್ತದೆಂದು ನೋಡಿಸಿಕೊಂಡವನಿಗೇ ಗೊತ್ತು.

ಅವರಲ್ಲಿ ಹಿರಿಯಳಾದ ಲೀಲಕ್ಕ ಬಾಯಿಯನ್ನೂ ಉಪಯೋಗಿಸುತ್ತಾಳೆ. "ರಾಯ್ರೇ, ನಿಮ್ಮ ಕಣ್ಣಿಗೆ ಪುನಃ ಪೊರೆ ಬಂತಾ? ಮಣಿಪಾಲಕ್ಕಾದ್ರೂ ಕರ್ಕೊಂಡು ಹೋಗಿ ಮಾರಾಯ್ರೆ. ಇಲ್ಲಿ ನಮ್ಮ ಗಂಜಿಗೆ ನೀರು ಜಾಸ್ತಿ ಆಗ್ತಾ ಉಂಟು."

ಧಣಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ನೋಡಿ ರಾಯ್ರೇ, ಇನ್ನೊಂದು ಸಲ ಬೆಲ್ಟು ನಿಂತ್ರೆ ಈ ಕಣ್ಣು ತೆಗೆದುಬಿಡುವ. ಆ ಜಾಗದಲ್ಲಿ ನಿಮ್ಮನ್ನೇ ನಿಲ್ಲಿಸ್ತೇನೆ. ನಿಮಗೆ ಎರಡು ಉಂಟಲ್ಲ ಕಣ್ಣು?"

ಹೆದರಿಕೆಯಾದಾಗ ನನಗೆ ಬುದ್ಧಿ ಚುರುಕಾಗುತ್ತದೆ. ಇದೇ ನನ್ನ ಜೀವನದ ದೊಡ್ಡ ತೊಂದರೆ. ಕೆಲಸಕ್ಕೆ ಕೂರುವ ಮೊದಲು ಹೆಂಗಸರು ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ನಾನು ದಿನಾ ನೋಡುತ್ತಿದ್ದೆ. ಹಾಗೆ ತಿಕ್ಕಿಕೊಂಡರೆ ಸಿಪ್ಪೆಯೆಣ್ಣೆ ಚರ್ಮಕ್ಕೆ ಹಿಡಿಯುವುದಿಲ್ಲ. ಚರ್ಮಕ್ಕೆ ಆಗುವುದು ಕೇಬಲ್ಲಿಗೆ ಯಾಕೆ ಆಗಬಾರದು? ನಮ್ಮ ಕಡೆಯವರಿಗೆ ತಲೆನೋವಿರಲಿ, ಬಾಗಿಲು ಕಿರುಗುಟ್ಟಲಿ, ಮದ್ದು ತೆಂಗಿನೆಣ್ಣೆಯೇ. ಇದ್ದುದರಲ್ಲಿ ಅಗ್ಗದ ಹೊಸ ಕೇಬಲ್ಲು ಹಾಕಿಸಿ, ಶನಿವಾರ ಸಂಜೆ ಕ್ಯಾಂಟೀನಿನ ತೆಂಗಿನೆಣ್ಣೆಯನ್ನು ಉದ್ದಕ್ಕೂ ಸವರಿದೆ. ಎಣ್ಣೆಸ್ನಾನ ಮಾಡಿಸಿಕೊಂಡ ಮದುಮಗನ ಹಾಗೆ ಅದು ಮಿರಿಮಿರಿ ಮಿಂಚಿತು. ಆದಿತ್ಯವಾರ ಕಾರ್ಖಾನೆಗೆ ರಜೆ. ಇಲಿಗಳಿಗೆ ರಜೆ ಇಲ್ಲವೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕೇಬಲ್ಲಿನ ಜಾಗದಲ್ಲಿ ನಾಲ್ಕಾರು ತುಂಡುಗಳಿದ್ದವು. ತಾಮ್ರವನ್ನು ಬಿಟ್ಟು ಉಳಿದದ್ದನ್ನೆಲ್ಲ ಇಲಿಗಳು ಚೊಕ್ಕವಾಗಿ ತಿಂದಿದ್ದವು. ಲೀಲಕ್ಕ ಒಂದು ತುಂಡನ್ನು ಎತ್ತಿ ಮೂಸಿದಳು. "ಸ್ವಲ್ಪ ಬೆಲ್ಲ, ಅವಲಕ್ಕಿ ಇಟ್ಟಿದ್ರೆ ಇನ್ನೂ ಚೆನ್ನಾಗಿತ್ತು ರಾಯ್ರೇ. ಅತಿಥಿಗಳು ಬರಿ ಎಣ್ಣೆ ನೆಕ್ಕಿ ಹೋಗುವ ಹಾಗಾಯ್ತಲ್ಲ!" ಹೆಂಗಸರೆಲ್ಲ ನಕ್ಕರು. ಆದರೆ ನಕ್ಕ ಮೇಲೂ ಅವರ ಕೈ ಖಾಲಿಯೇ ಇತ್ತು. ಆ ಖಾಲಿ ಕೈ ನೋಡಿ ನನಗೆ ನಗು ಬರಲಿಲ್ಲ. ಧಣಿಗಳ ಕೈಕಾಲು ಹಿಡಿದು ಕಡೆಯ ಒಂದು ಅವಕಾಶ ಕೇಳಿದೆ. ಹಳೆಯದೊಂದು ತುಂಡನ್ನು ಜೋಡಿಸಿ ಬೆಲ್ಟು ಓಡಿಸಿ, ಮಣಿಪಾಲದ ಬಸ್ಸು ಹಿಡಿದೆ.

ಅಲ್ಲಿ ಕೈಗಾರಿಕೆಯ ಸಾಮಾನು ಮಾರುವ ಶೆಣೈಮಾಮ್ ನನಗೆ ಹಳೆಯ ಪರಿಚಯ. "ಮಾಮ್, ಒಳ್ಳೆಯ ಕೇಬಲ್ಲು ಯಾವುದು?" ಎಂದೆ.

"ಎಲ್ಲಿಗೆ?"

"ನಮ್ಮ ಕಾರ್ಖಾನೆಗೆ."

"ಅದು ಗೊತ್ತಾಯ್ತು. ನೀರು ಬೀಳ್ತದಾ? ಎಣ್ಣೆ ಉಂಟಾ? ಒಂದೇ ಕಡೆ ಇರ್ತದಾ, ದಿನವಿಡೀ ಬಗ್ಗಿ ಏಳ್ತದಾ? ಪಕ್ಕದಲ್ಲಿ ದೊಡ್ಡ ಮೋಟಾರು ಉಂಟಾ?"

ಇಷ್ಟು ಪ್ರಶ್ನೆಗಳನ್ನು ನನ್ನ ಮಾವ ಮಗಳನ್ನು ಕೊಡುವಾಗಲೂ ಕೇಳಿರಲಿಲ್ಲ. ತೆಂಗಿನೆಣ್ಣೆಯ ಕಥೆ ಹೇಳಿದಾಗ ಮಾಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಗ್ಗರಣೆ ಕೊಡ್ಲಿಲ್ವಾ?" ಆಮೇಲೆ ತಿಳಿಸಿ ಹೇಳಿದರು: ಅಗ್ಗದ ಕೇಬಲ್ಲಿನ ಪಿವಿಸಿ ಹೊದಿಕೆ ಮೆತ್ತಗಿರುವುದೇ ಅದರೊಳಗೆ ಬೆರೆಸಿದ ಎಣ್ಣೆಯಂಥ ಒಂದು ವಸ್ತುವಿನಿಂದ, ಹೊರಗಿನ ಎಣ್ಣೆ ಅದನ್ನು ಕೆಡಿಸುತ್ತದೆ. ಇಲಿ ಬಾರದಿದ್ದರೂ ನನ್ನ ಮದುಮಗ ಬಾಳುತ್ತಿರಲಿಲ್ಲ. ಪಿಯು ಎಂಬ ಬೇರೆ ಜಾತಿಯ ಪ್ಲಾಸ್ಟಿಕ್ಕಿನ ಹೊದಿಕೆಯ ಕಿತ್ತಳೆ ಬಣ್ಣದ್ದು ಎಣ್ಣೆಗೆ ಜಗ್ಗುವುದಿಲ್ಲವಂತೆ, ಆದರೆ ದುಬಾರಿ. "ನಿಮ್ಮ ಸಿಪ್ಪೆಯೆಣ್ಣೆಗೆ ಹೇಗೋ, ನಾನು ಹೇಳಲಾರೆ" ಎಂದು ಪ್ರಾಮಾಣಿಕವಾಗಿ ಸೇರಿಸಿ, ಕಪ್ಪು, ಬೂದು, ಕಿತ್ತಳೆ, ಎಲ್ಲದರದ್ದೂ ಒಂದೊಂದು ಗೇಣು ಕತ್ತರಿಸಿ ಕೊಟ್ಟರು.

ಆಗ ಅಜ್ಜಿ ನೆನಪಾದರು. ಪರೀಕ್ಷೆ ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬೇಕು! ಮನೆಯಿಂದ ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ತಂದು, ಸಿಪ್ಪೆಯೆಣ್ಣೆ ತುಂಬಿ, ಒಂದೊಂದರಲ್ಲಿ ಒಂದೊಂದು ಕೇಬಲ್ಲು ಮುಳುಗಿಸಿ ಉಗ್ರಾಣದ ಕಪಾಟಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಹೋಗಿ ಎತ್ತಿ, ಒರಸಿ, ಬಗ್ಗಿಸಿ ನೋಡುವುದು. ಹೆಂಡತಿಯ ಆ ಭರಣಿಗಳು ಕೊನೆಗೂ ಮನೆಗೆ ಮರಳಲಿಲ್ಲ, ಅದು ಬೇರೆಯೇ ಒಂದು ಪ್ರಬಂಧ. ಕಪ್ಪನೆಯದು ನೆನೆದ ಕಡಲೆಯಂತೆ ಉಬ್ಬಿತು. ಬೂದು ಬಣ್ಣದ್ದು ಗಟ್ಟಿಯಾಗಿ, ಬಗ್ಗಿಸಿದರೆ ಬಿರಿಯಿತು. ಕಿತ್ತಳೆ ಬಣ್ಣದ್ದು ಮಾತ್ರ ಕೆರೆಯಲ್ಲಿ ಮಲಗಿದ ಎಮ್ಮೆಯಂತೆ ಏನೂ ಆಗದೆ ಬಿದ್ದಿತ್ತು. ಮಜವೆಂದರೆ, ಉದ್ದಕ್ಕೂ ಅದನ್ನೇ ಹಾಕಬೇಕಾಗಿಯೂ ಇರಲಿಲ್ಲ. ಎಣ್ಣೆ ತೊಟ್ಟಿಕ್ಕುವ ಜಾಗಕ್ಕೆ ಕಿತ್ತಳೆ. ಅಲ್ಲಿಂದ ಗೋಡೆಯ ಪೆಟ್ಟಿಗೆಯವರೆಗಿನ ಒಣ ದಾರಿಗೆಲ್ಲ ಅಗ್ಗದ ಬೂದು. ಇಲಿಗಳ ಗೌರವಾರ್ಥ ಎರಡಕ್ಕೂ ಒಂದು ಕಬ್ಬಿಣದ ಕೊಳವೆ. ಪಟ್ಟೆಸೀರೆ ಮದುವೆಗೆ, ನೂಲಿನ ಸೀರೆ ಅಡುಗೆಮನೆಗೆ ಎಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ನನಗೆ ತಿಳಿಯಲು ಅಷ್ಟು ಭರಣಿಗಳು ಬೇಕಾದವು.

ಅಂದಿನಿಂದ ಕೇಬಲ್ಲು ಸತ್ತು ಬೆಲ್ಟು ನಿಂತದ್ದಿಲ್ಲ. ಮಳೆಗಾಲ ಕಳೆಯಿತು, ಹೆಂಗಸರ ಕೈ ಒಂದೇ ಸಮನೆ ಆಡುತ್ತಿದೆ, ಧಣಿಗಳು ನನ್ನ ಕಣ್ಣುಗಳ ಮಾತೆತ್ತುವುದಿಲ್ಲ. ತೊಂದರೆ ಇರುವುದು ನನಗೇ. ಕೇಬಲ್ಲು ಇವತ್ತೂ ಚೆನ್ನಾಗಿದೆಯೋ ಎಂದು ನೋಡುವ ಚಪಲ ಬಿಡುತ್ತಿಲ್ಲ. ಚಹಾ ಹಿಡಿದು ಯಂತ್ರದ ಬಾಯಿಯ ಹತ್ತಿರ ಹೋದರೆ ಅಲ್ಲೇ ನಿಂತುಬಿಡುತ್ತೇನೆ. ಬಾಯಿ ತುಂಬುತ್ತದೆ, ಕಣ್ಣು ನೋಡುತ್ತದೆ, ಬೆಲ್ಟು ನಿಲ್ಲುತ್ತದೆ. ಖಾಲಿಯಾಗುತ್ತದೆ, ಮತ್ತೆ ಓಡುತ್ತದೆ. ಎಷ್ಟು ನೋಡಿದರೂ ಸಾಲದು.

ಮೊನ್ನೆ ಲೀಲಕ್ಕ ಕೈ ನಿಲ್ಲಿಸದೆಯೇ ಕೂಗಿದಳು: "ರಾಯ್ರೇ, ಧಣಿಗಳು ನಿಮ್ಮನ್ನು ಅಲ್ಲಿ ನಿಲ್ಲಿಸ್ತೇನೆ ಅಂತ ಹೆದರಿಸಿದ್ರಲ್ಲ, ಈಗ ಯಾರು ನಿಲ್ಲಿಸಿದ್ದು?"